ಅಡಿಕೆ ಹಾಳೆ ತಟ್ಟೆ ಮಾರಲು ಸಿಂಗಾಪುರದಲ್ಲಿ ಕಂಪನಿ ತೆರೆಯಬೇಕಾ? ಗೊತ್ತಿದ್ದವರು ಹೇಳಿ

ಪೆರ್ಲದ ಹಾಳೆಮನೆ
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಪೆರ್ಲದ ಹತ್ತಿರ ನಮ್ಮದೊಂದು ಸಣ್ಣ ಹಾಳೆ ತಟ್ಟೆ ಘಟಕ ಉಂಟು. ಆರು ಪ್ರೆಸ್, ಎಂಟು ಜನ ಕೆಲಸದವರು. ಹೆಚ್ಚಿನವರು ಅಕ್ಕಪಕ್ಕದ ಮನೆಯ ಹೆಂಗಸರು. ಮಾಲಿನ ಮುಕ್ಕಾಲು ಪಾಲು ಒಬ್ಬ ರಫ್ತುದಾರರ ಮೂಲಕ ಅಮೆರಿಕಕ್ಕೆ ಹೋಗುತ್ತಿತ್ತು. 2025ರ ಮೇ ತಿಂಗಳಲ್ಲಿ ಅಲ್ಲಿನ ಆಹಾರ, ಔಷಧ ನೋಡಿಕೊಳ್ಳುವ ಎಫ್‌ಡಿಎ ಹಾಳೆ ತಟ್ಟೆ ಬಳಸಬೇಡಿ ಎಂದು ಎಚ್ಚರಿಕೆ ಕೊಟ್ಟಿತಲ್ವಾ, ಆಮೇಲೆ ಆ ದಾರಿ ಮುಚ್ಚಿತು. ಈಗ ವಾರಕ್ಕೆ ಮೂರೇ ದಿನ ಪ್ರೆಸ್ ಓಡುತ್ತದೆ. ಕೆಲಸದವರಿಗೆ "ನಾಳೆ ಬರಬೇಡಿ" ಎಂದು ಹೇಳುವುದು ಎಷ್ಟು ಕಷ್ಟ ಅಂತ ಹೇಳಿದವರಿಗೇ ಗೊತ್ತು.

ನನ್ನ ಭಾವ ಸಿಂಗಾಪುರದಲ್ಲಿದ್ದಾರೆ. ಅಲ್ಲಿ ಊಟದ ಕಾಂಟ್ರಾಕ್ಟ್ ಮಾಡುವ ಒಬ್ಬರಿಗೆ ನಮ್ಮ ಹತ್ತಿಂಚಿನ ತಟ್ಟೆ ತೋರಿಸಿದರು. ಅವರಿಗೆ ಇಷ್ಟ ಆಯಿತು. ಆದರೆ ಒಂದು ಮಾತು ಹೇಳಿದರಂತೆ: "ನಿಮ್ಮ ಊರಿನಿಂದ ಮಾಲು ಬರುವ ತನಕ ನಾನು ಕಾಯಲಾರೆ. ಇಲ್ಲೇ ಸ್ಟಾಕ್ ಇಟ್ಟರೆ ವಾರವಾರ ತೆಗೆದುಕೊಳ್ಳುತ್ತೇನೆ."

ಅದೇ ಹೊತ್ತಿಗೆ ಒಬ್ಬ ಏಜೆಂಟ್ ಫೋನ್ ಮಾಡಲು ಶುರು ಮಾಡಿದ್ದಾನೆ. ಒಂದೇ ದಿನದಲ್ಲಿ ಸಿಂಗಾಪುರ ಕಂಪನಿ, ತೆರಿಗೆ ಇಲ್ಲವೇ ಇಲ್ಲ, ಬ್ಯಾಂಕ್ ಖಾತೆ ಗ್ಯಾರಂಟಿ ಅಂತಾನೆ. ನಮ್ಮಂಥ ಸಣ್ಣವರು ಅಲ್ಲಿಗೆ ಹೋಗುವುದರಲ್ಲಿ ಅರ್ಥ ಉಂಟಾ? ಅಥವಾ ದುಬೈಯೇ ಒಳ್ಳೆಯದಾ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಕುಂಬಳೆ ಹುಡುಗ
ಹೋಗಿ ಅಣ್ಣ, ಯೋಚನೆ ಮಾಡಬೇಡಿ! ವ್ಯಾಪಾರಕ್ಕೆ ಸುಲಭವಾದ ದೇಶಗಳ ವಿಶ್ವ ಬ್ಯಾಂಕ್ ಪಟ್ಟಿಯಲ್ಲಿ ಸಿಂಗಾಪುರವೇ ಒಂದನೆಯದು. ವಿದೇಶಿಯರೇ ನೂರಕ್ಕೆ ನೂರು ಪಾಲು ಇಟ್ಟುಕೊಳ್ಳಬಹುದು. ಬಂಡವಾಳ ಒಂದು ಡಾಲರ್ ಸಾಕು. ಅಲ್ಲಿನ ಸರ್ಕಾರ ಗ್ರಾಂಟ್ ಕೂಡ ಕೊಡುತ್ತದೆ.

ಲೆಕ್ಕದ ಪುಸ್ತಕ
ಕುಂಬಳೆಯವರೇ, ಸ್ವಲ್ಪ ತಿದ್ದುತ್ತೇನೆ. 2020ರ ಪಟ್ಟಿಯಲ್ಲಿ ನ್ಯೂಜಿಲೆಂಡ್ ಮೊದಲು, ಸಿಂಗಾಪುರ ಎರಡನೆಯದು. ಆ ವರದಿಯನ್ನೇ ವಿಶ್ವ ಬ್ಯಾಂಕ್ 2021ರಲ್ಲಿ ನಿಲ್ಲಿಸಿತು. ಪೂರ್ತಿ ವಿದೇಶಿ ಪಾಲು, ಒಂದು ಡಾಲರ್ ಬಂಡವಾಳ ಎರಡೂ ನಿಜ. ಗ್ರಾಂಟ್ ವಿಷಯ ಮಾತ್ರ ಹಾಗಲ್ಲ. ಅಲ್ಲಿನ ಹೆಚ್ಚಿನ ಗ್ರಾಂಟ್‌ಗಳಿಗೆ ಕನಿಷ್ಠ 30 ಶೇಕಡಾ ಪಾಲು ಸ್ಥಳೀಯರದ್ದಾಗಿರಬೇಕು. ಪೆರ್ಲದವರೊಬ್ಬರೇ ಮಾಡಿದ ಕಂಪನಿಗೆ ಅದು ಸಿಗುವುದಿಲ್ಲ.

ನಾನು ಸಿಎ. ತೆರಿಗೆ ಬಗ್ಗೆ ರಾತ್ರಿ ಉದ್ದಕ್ಕೆ ಬರೆಯುತ್ತೇನೆ. ಅಷ್ಟರ ತನಕ ಆ ಏಜೆಂಟನಿಗೆ ಒಂದು ಪೈಸೆ ಕೊಡಬೇಡಿ.

ಉಪ್ಪಳದಿಂದ ದೇರಾ
ನಾನು 18 ವರ್ಷದಿಂದ ದುಬೈಯಲ್ಲಿ ದಿನಸಿ ಹೋಲ್‌ಸೇಲ್‌ನಲ್ಲಿದ್ದೇನೆ. ಕಾಸರಗೋಡಿನವರಿಗೆ ದುಬೈ ಬಿಟ್ಟು ಸಿಂಗಾಪುರ ಯಾಕೆ? ನಮ್ಮ ಪ್ರತಿ ಎರಡನೇ ಮನೆಯಿಂದ ಒಬ್ಬರು ಗಲ್ಫ್‌ನಲ್ಲಿದ್ದಾರೆ. ಮಂಗಳೂರಿನಿಂದಲೂ ಕಣ್ಣೂರಿನಿಂದಲೂ ವಿಮಾನ ಉಂಟು. ಭಾರತ–ಯುಎಇ ವ್ಯಾಪಾರ ಒಪ್ಪಂದ 2022ರ ಮೇ 1ರಿಂದ ಜಾರಿಯಲ್ಲಿದೆ. ವ್ಯಾಟ್ 5 ಶೇಕಡಾ ಮಾತ್ರ. ಜೆಬೆಲ್ ಅಲಿ ಫ್ರೀ ಝೋನ್ 1985ರಿಂದ ನಡೆಯುತ್ತಿದೆ. ಅಲ್ಲಿ ಮಾಲು ಇಳಿಸಿ ಆಫ್ರಿಕಾಕ್ಕೆ, ಇರಾಕ್‌ಗೆ, ಎಲ್ಲಿಗೆ ಬೇಕಾದರೂ ಕಳಿಸಬಹುದು. ಮದುವೆ ಹಾಲ್‌ಗಳಿಗೆ, ಲೇಬರ್ ಕ್ಯಾಂಪ್ ಊಟಕ್ಕೆ ತಟ್ಟೆ ಎಷ್ಟು ಬೇಕು ಗೊತ್ತುಂಟಾ?

ಮುಳ್ಳೇರಿಯ ತೋಟದವ
ದುಬೈಯಲ್ಲೂ ತೆರಿಗೆ ಬಂತಲ್ಲ ಈಗ.

ಉಪ್ಪಳದಿಂದ ದೇರಾ
ಬಂತು, 2023ರ ಜೂನ್‌ನಿಂದ. ಆದರೆ ವರ್ಷದ ಲಾಭ 3,75,000 ದಿರಮ್ ದಾಟಿದ ಮೇಲಿನದ್ದಕ್ಕೆ 9 ಶೇಕಡಾ. ಸಣ್ಣವರಿಗೆ ಅದು ಭಾರ ಅಲ್ಲ.

ಸೆಂಗ್ಕಾಂಗ್ ಕನ್ನಡತಿ
ನಮಸ್ಕಾರ, ನನ್ನ ತವರು ನೀರ್ಚಾಲು. ಹನ್ನೊಂದು ವರ್ಷದಿಂದ ಸಿಂಗಾಪುರದಲ್ಲಿ ಸರಕು ಸಾಗಾಟದ ಆಫೀಸಿನಲ್ಲಿ ಕೆಲಸ. ಈ ಪ್ರಶ್ನೆ ದಿನಾ ಕೇಳುತ್ತೇನೆ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಸಣ್ಣ ವ್ಯಾಪಾರದವರು ಇಲ್ಲಿಗೆ ಯಾಕೆ ಬರಬೇಕು ಅಂದರೆ ಎಲ್ಲರೂ ತೆರಿಗೆ ಕಡಿಮೆ ಅಂತಾರೆ. ನನ್ನ ಕಣ್ಣಿಗೆ ಕಾಣುವುದು ಬೇರೆ. ಪೆರ್ಲದ ಅಣ್ಣನಿಗೆ ಆ ಕಾಂಟ್ರಾಕ್ಟರ್ ಹೇಳಿದ ಮಾತೇ ನಿಜವಾದ ಕಾರಣ. ಇಲ್ಲಿನ ಹೋಟೆಲಿನವರಿಗೆ ಇಡೀ ಕಂಟೈನರ್ ಬೇಡ. ಅವರಿಗೆ ಗೋದಾಮೇ ಇಲ್ಲ, ಜಾಗಕ್ಕೆ ಅಷ್ಟು ಬಾಡಿಗೆ. ಅವರಿಗೆ ಬೇಕಾದದ್ದು ನಾಳೆ ಬೆಳಿಗ್ಗೆ ಇಪ್ಪತ್ತು ಪೆಟ್ಟಿಗೆ. ನಿಮ್ಮ ಮಾಲು ಇಲ್ಲಿನ ಗೋದಾಮಿನಲ್ಲಿದ್ದರೆ ನೀವು ಪಕ್ಕದ ಅಂಗಡಿ. ಊರಿನಲ್ಲಿದ್ದರೆ ದೂರದ ಯಾರೋ ಒಬ್ಬರು.

ಎರಡನೆಯದು, ಇಲ್ಲಿಂದ ಸುತ್ತಲಿನ ಊರುಗಳಿಗೆ ಹೋಗುವ ದಾರಿ. ಸೇತುವೆ ದಾಟಿದರೆ ಜೊಹೊರ್. ದೋಣಿಯಲ್ಲಿ ಸ್ವಲ್ಪ ಹೊತ್ತು ಹೋದರೆ ಇಂಡೊನೇಷ್ಯಾದ ಬಾತಮ್. ಇಲ್ಲಿನ ಬಂದರು 2024ರಲ್ಲಿ 4 ಕೋಟಿ 11 ಲಕ್ಷಕ್ಕೂ ಜಾಸ್ತಿ ಕಂಟೈನರ್ ನಿಭಾಯಿಸಿತು, ಇಪ್ಪತ್ತಡಿ ಲೆಕ್ಕದಲ್ಲಿ. ಅದರಲ್ಲಿ ಬಹುಪಾಲು ಇಲ್ಲಿ ಇಳಿದು ಬೇರೆ ಹಡಗು ಹತ್ತುವ ಮಾಲು. ಫ್ರೀ ಟ್ರೇಡ್ ಝೋನ್ ಒಳಗೆ ಇಟ್ಟ ಮಾಲಿಗೆ, ಅದು ಊರೊಳಗೆ ಬರುವ ತನಕ ಜಿಎಸ್‌ಟಿ ಕಟ್ಟಬೇಕಿಲ್ಲ. ಮದ್ಯ, ತಂಬಾಕು, ವಾಹನ, ಪೆಟ್ರೋಲಿಯಂ ಬಿಟ್ಟರೆ ಸುಂಕವೇ ಇಲ್ಲ ಎನ್ನಬಹುದು. 1819ರಲ್ಲಿ ಬ್ರಿಟಿಷರು ಇದನ್ನು ಸುಂಕವಿಲ್ಲದ ಬಂದರಾಗಿ ಶುರು ಮಾಡಿದರು. ಆ ಗುಣ ಇವತ್ತಿಗೂ ಬಿಟ್ಟಿಲ್ಲ.

ಮೂರನೆಯದು ನಂಬಿಕೆ. ಬ್ಯಾಂಕಾಕ್‌ನ ಖರೀದಿದಾರನಿಗೆ ಪೆರ್ಲ ಎಲ್ಲಿದೆ ಗೊತ್ತಿಲ್ಲ. ಸಿಂಗಾಪುರದ ಇನ್‌ವಾಯ್ಸ್ ಆದರೆ ಜಗಳ ಬಂದರೆ ಎಲ್ಲಿ ಕೇಳಬೇಕು ಅಂತ ಅವನಿಗೆ ಗೊತ್ತು.

ಭಾಷೆ ಬಗ್ಗೆ ಹೆದರಬೇಡಿ. ಇಂಗ್ಲಿಷಿನಲ್ಲೇ ಎಲ್ಲ ಕಾಗದ. ತಮಿಳು ಇಲ್ಲಿನ ನಾಲ್ಕು ಅಧಿಕೃತ ಭಾಷೆಗಳಲ್ಲಿ ಒಂದು. ಕನ್ನಡ ಸಂಘವೂ ಇದೆ.

ತಾಳಿಪಡ್ಪು ಮೇಷ್ಟ್ರು
ಕೇಳಲು ಸಂತೋಷ ಆಯಿತು ತಂಗಿ. ಅಲ್ಲಿ ಸಮುದ್ರ ದಾಟಿ ಹೋದ ತಮಿಳರ ಭಾಷೆಗೆ ಸರ್ಕಾರಿ ಸ್ಥಾನ. ಇಲ್ಲಿ 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮ್ಮ ನೆಲದಲ್ಲೇ ಕೂತು ಕನ್ನಡದಲ್ಲಿ ಒಂದು ಅರ್ಜಿ ಫಾರಂ ಸಿಗಲು ಎಷ್ಟು ಸಲ ಅಲೆಯಬೇಕು. ನನ್ನ ಮಗಳು ಉಪ್ಪಿನಕಾಯಿ ಘಟಕಕ್ಕೆ ಲೈಸನ್ಸ್ ಕೇಳಲು ಹೋದಾಗ ಮಲಯಾಳ ಫಾರಂ ಕೊಟ್ಟು ಕಳಿಸಿದರು. ತುಂಬಿಸಿ ಕೊಡಲು ಬೇರೆಯವರ ಕಾಲು ಹಿಡಿಯಬೇಕಾಯಿತು.

ಕುಂಬಳೆ ಹುಡುಗ
ಮೇಷ್ಟ್ರೇ, ಈಗ ಉದ್ಯಮ್ ನೋಂದಣಿ, ಐಇಸಿ (ಆಮದು ರಫ್ತು ಕೋಡ್) ಎಲ್ಲ ಆನ್‌ಲೈನ್. ಐಇಸಿಗೆ 500 ರೂಪಾಯಿ. ಯಾರ ಕಾಲೂ ಹಿಡಿಯಬೇಕಿಲ್ಲ.

ತಾಳಿಪಡ್ಪು ಮೇಷ್ಟ್ರು
ಅದು ಕೇಂದ್ರದ್ದು ಮಗಾ. ನಾನು ಹೇಳಿದ್ದು ಪಂಚಾಯತ್ ಮಟ್ಟದ್ದು. ಅಡಿಕೆ ಹಾಳೆಗೆ ವಿಷಯ ಮರಳಲಿ, ನಾನು ದಾರಿ ತಪ್ಪಿಸಿದೆ.

ಹೊಸಂಗಡಿ ಅಕ್ಕ
ಏಜೆಂಟ್ ಬಗ್ಗೆ ನಾನು ಹೇಳಲೇಬೇಕು. ನನ್ನ ತಮ್ಮ ಒಣಮೀನು, ಸಾಂಬಾರ ಪದಾರ್ಥ ಮಾರಲು 2019ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕಂಪನಿ ಮಾಡಿಸಿದ. ಅಲ್ಲಿ ಸ್ಥಳೀಯ ಡೈರೆಕ್ಟರ್ ಬೇಕಿಲ್ಲ. ಮೊದಲ 20 ಲಕ್ಷ ಹಾಂಗ್‌ಕಾಂಗ್ ಡಾಲರ್ ಲಾಭಕ್ಕೆ 8.25 ಶೇಕಡಾ ತೆರಿಗೆ, ಜಿಎಸ್‌ಟಿಯೇ ಇಲ್ಲ. ಕಾಗದದಲ್ಲಿ ಎಲ್ಲ ಚಂದ. ಒಂದು ವಾರದಲ್ಲಿ ಕಂಪನಿ ಆಯಿತು.

ಬ್ಯಾಂಕ್ ಖಾತೆ ಮಾತ್ರ ಆಗಲಿಲ್ಲ. ಒಂದು ಬ್ಯಾಂಕ್ "ನಿಮ್ಮ ಗಿರಾಕಿಗಳ ಕಾಂಟ್ರಾಕ್ಟ್ ತೋರಿಸಿ" ಅಂತ ಕೇಳಿತು. ಇವನ ಹತ್ತಿರ ವಾಟ್ಸಾಪ್ ಮೆಸೇಜ್ ಬಿಟ್ಟು ಬೇರೆ ಎಂತದೂ ಇರಲಿಲ್ಲ. ಎರಡನೆಯದು ಕಾರಣ ಕೂಡ ಹೇಳಲಿಲ್ಲ. ಏಜೆಂಟ್ ಫೋನ್ ಎತ್ತುವುದು ನಿಲ್ಲಿಸಿದ. ವ್ಯಾಪಾರ ಇಲ್ಲದಿದ್ದರೂ ವರ್ಷವರ್ಷ ನೋಂದಣಿ ಫೀಸು, ಸೆಕ್ರೆಟರಿ ಫೀಸು. ಕಡೆಗೆ ಮುಚ್ಚಲೂ ದುಡ್ಡು ಕೊಡಬೇಕಾಯಿತು. ಅಮ್ಮನ ಬಳೆ ಅಡವಿಟ್ಟು ಹಾಕಿದ ದುಡ್ಡು ಅದು.

ಖಾತೆ "ಗ್ಯಾರಂಟಿ" ಅನ್ನುವವರನ್ನು ನಂಬಬೇಡಿ ತಮ್ಮಾ. ಖಾತೆ ಕೊಡುವುದು ಬ್ಯಾಂಕ್, ಏಜೆಂಟ್ ಅಲ್ಲ.

ಪೆರ್ಲದ ಹಾಳೆಮನೆ
ಅಕ್ಕಾ, ಓದಿ ಎದೆ ಝಲ್ ಅಂತು. ಅವನಿಗೆ ನಾಳೆಯೇ ಬೇಡ ಅನ್ನುತ್ತೇನೆ. ಆದರೆ ಸಿಂಗಾಪುರದ ಆಸೆ ಪೂರ್ತಿ ಬಿಡಬೇಕಾ?

ಲೆಕ್ಕದ ಪುಸ್ತಕ
ಬಿಡಬೇಕಿಲ್ಲ. ಲೆಕ್ಕ ತಿಳಿದು ಹೋಗಬೇಕು.

ಮೊದಲು ಅಲ್ಲಿನ ಖರ್ಚು. ನೋಂದಣಿಗೆ ಸರ್ಕಾರಕ್ಕೆ 315 ಸಿಂಗಾಪುರ ಡಾಲರ್. ಅದು ಸಣ್ಣದು. ಆದರೆ ಅಲ್ಲಿ ವಾಸ ಇರುವ ಒಬ್ಬ ಡೈರೆಕ್ಟರ್ ಕಡ್ಡಾಯ. ಆರು ತಿಂಗಳೊಳಗೆ ಕಂಪನಿ ಸೆಕ್ರೆಟರಿ ಬೇಕು. ನೀವು ಇಲ್ಲೇ ಇರುವುದಾದರೆ ಬಾಡಿಗೆ ಡೈರೆಕ್ಟರ್ ಇಡಬೇಕು, ಅದಕ್ಕೆ ವರ್ಷವರ್ಷ ಫೀಸು. ನಿಮ್ಮ ಭಾವ ಅಲ್ಲಿ ಪಿಆರ್ (ಕಾಯಂ ನಿವಾಸಿ) ಆಗಿದ್ದರೆ ಅವರೇ ಆಗಬಹುದು. ಆದರೆ ಡೈರೆಕ್ಟರ್ ಅಂದರೆ ಹೆಸರಿಗೆ ಮಾತ್ರ ಅಲ್ಲ. ಕಂಪನಿ ತಪ್ಪು ಮಾಡಿದರೆ ಅವರೂ ಜವಾಬ್ದಾರರು. ಅವರಿಗೆ ಇದನ್ನು ಬಿಡಿಸಿ ಹೇಳಿ, ಸಂಬಂಧ ಕೆಡಬಾರದು.

ತೆರಿಗೆ ಇಲ್ಲವೇ ಇಲ್ಲ ಅನ್ನುವುದು ಸುಳ್ಳು. ದರ 17 ಶೇಕಡಾ. ಹೊಸ ಕಂಪನಿಗೆ ಮೊದಲ ಮೂರು ವರ್ಷ, ಮೊದಲ ಒಂದು ಲಕ್ಷ ಡಾಲರ್ ಲಾಭದಲ್ಲಿ 75 ಶೇಕಡಾ, ಮುಂದಿನ ಒಂದು ಲಕ್ಷದಲ್ಲಿ 50 ಶೇಕಡಾ ವಿನಾಯಿತಿ. ಆದರೆ ಇದಕ್ಕೆ ಕಂಪನಿಯ ಆಡಳಿತ ನಿಜವಾಗಿ ಸಿಂಗಾಪುರದಲ್ಲಿ ನಡೆಯಬೇಕು. ಡೈರೆಕ್ಟರ್ ಬಾಡಿಗೆಯವರು, ತೀರ್ಮಾನ ಎಲ್ಲ ಪೆರ್ಲದ ಜಗಲಿಯಲ್ಲಿ ಆದರೆ ಅಲ್ಲಿನ ತೆರಿಗೆಯವರು ನಿಮ್ಮನ್ನು ಅಲ್ಲಿನ ನಿವಾಸಿ ಕಂಪನಿ ಅಂತ ಒಪ್ಪುವುದು ಕಷ್ಟ. ಆಗ ಈ ವಿನಾಯಿತಿಯೂ ಇಲ್ಲ, ಎರಡು ದೇಶಗಳ ತೆರಿಗೆ ಒಪ್ಪಂದದ ಲಾಭವೂ ಇಲ್ಲ. ಎಲ್ಲ ಕಂಪನಿಗಳಿಗೂ ಇರುವ ಸಣ್ಣ ವಿನಾಯಿತಿ ಮಾತ್ರ ಉಳಿಯುತ್ತದೆ.

ಇನ್ನು ನಮ್ಮ ದೇಶದ ಕಡೆ. ಇದನ್ನು ಏಜೆಂಟರು ಹೇಳುವುದೇ ಇಲ್ಲ. ವಿದೇಶದ ಕಂಪನಿಯಲ್ಲಿ ದುಡ್ಡು ಹಾಕಲು 2022ರ ಫೆಮಾ (ವಿದೇಶಿ ವಿನಿಮಯ ಕಾನೂನು) ನಿಯಮ ಉಂಟು. ನಿಮ್ಮದು ಪ್ರೊಪ್ರೈಟರ್ ಘಟಕ ಆದರೆ ನೀವು ವ್ಯಕ್ತಿಯಾಗಿ ಹೋಗಬೇಕು, ವರ್ಷಕ್ಕೆ 2,50,000 ಅಮೆರಿಕನ್ ಡಾಲರ್ ಮಿತಿ. ಬ್ಯಾಂಕಿನಲ್ಲಿ ಫಾರಂ ಎಫ್‌ಸಿ ಕೊಟ್ಟು, ಗುರುತಿನ ಸಂಖ್ಯೆ ತೆಗೆದುಕೊಂಡು, ಆಮೇಲೆ ದುಡ್ಡು ಕಳಿಸಬೇಕು. ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ 20 ಶೇಕಡಾ ಟಿಸಿಎಸ್, ಅಂದರೆ ಮುಂಗಡ ತೆರಿಗೆ, ಬ್ಯಾಂಕಿನವರು ಹಿಡಿಯುತ್ತಾರೆ. ಅದು ರಿಟರ್ನ್‌ನಲ್ಲಿ ಹೊಂದಾಣಿಕೆ ಆಗುತ್ತದೆ, ಆದರೆ ಅಷ್ಟು ತಿಂಗಳು ದುಡ್ಡು ಸಿಕ್ಕಿಹಾಕಿಕೊಂಡಿರುತ್ತದೆ. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಬ್ಯಾಂಕಿಗೆ ವರದಿ. ತಪ್ಪಿದರೆ ದಂಡ.

ಭಾವನ ಕೈಯಲ್ಲಿ "ಸ್ವಲ್ಪ ದುಡ್ಡು ಅಲ್ಲೇ ಹಾಕಿ, ಆಮೇಲೆ ಕೊಡುತ್ತೇನೆ" ಅನ್ನುವ ಕೆಲಸ ಮಾಡಬೇಡಿ. ಊರಿನಲ್ಲಿ ಇದು ಸಾಮಾನ್ಯ. ಮುಂದೆ ಬಿಡಿಸಲಾಗದ ಗಂಟು ಆಗುತ್ತದೆ.

ಉಪ್ಪಳದಿಂದ ದೇರಾ
ಇಷ್ಟೆಲ್ಲ ತಲೆನೋವು ಯಾಕೆ ಅಂತ ನಾನು ಮತ್ತೆ ಕೇಳುತ್ತೇನೆ.

ಸೆಂಗ್ಕಾಂಗ್ ಕನ್ನಡತಿ
ದೇರಾ ಅಣ್ಣ, ಫೆಮಾ ನಿಯಮ ದುಬೈಗೂ ಅದೇ ಅಲ್ವಾ? ಅಲ್ಲಿ ಲೈಸನ್ಸ್, ವೀಸಾ, ಆಫೀಸು ಖರ್ಚು ಬೇರೆ. ನಿಮ್ಮ ಗಿರಾಕಿ ಗಲ್ಫ್‌ನಲ್ಲಿದ್ದರೆ ದುಬೈ ಸರಿ. ಪೆರ್ಲದವರ ಗಿರಾಕಿ ಸಿಂಗಾಪುರದಲ್ಲಿದ್ದಾನೆ. ಗಿರಾಕಿ ಇದ್ದಲ್ಲಿಗೆ ಅಂಗಡಿ ಹೋಗಬೇಕು.

ಉಪ್ಪಳದಿಂದ ದೇರಾ
ಅದು ಒಪ್ಪಿದೆ. ಆದರೆ ಒಬ್ಬನೇ ಗಿರಾಕಿಯನ್ನು ನಂಬಿ ಕಂಪನಿ ಮಾಡುವುದು ಸರಿಯಲ್ಲ. ಅವನು ನಾಳೆ ಬೇರೆಯವರ ತಟ್ಟೆ ತೆಗೆದುಕೊಂಡರೆ? ನಾನು ಇಲ್ಲಿ ಶುರು ಮಾಡಿದಾಗ ಮೂರು ವರ್ಷ ಬೇರೆಯವರ ಲೈಸನ್ಸಿನ ಕೆಳಗೆ ಮಾಲು ಮಾರಿದ್ದೇನೆ. ನಲವತ್ತು ಅಂಗಡಿ ಆದ ಮೇಲೆಯೇ ಸ್ವಂತದ್ದು.

ಪಣಂಬೂರು ಸಿಎಚ್‌ಎ
ನಾನು ಸಿಎಚ್‌ಎ, ಅಂದರೆ ಕಸ್ಟಮ್ಸ್ ಏಜೆಂಟ್. ಯಾರೂ ಹಡಗಿನ ಲೆಕ್ಕ ಹೇಳಲಿಲ್ಲ ಮಾರಾಯ್ರೆ. ಹಾಳೆ ತಟ್ಟೆ ಹಗುರ, ಆದರೆ ಜಾಗ ತಿನ್ನುತ್ತದೆ. ಎಲ್‌ಸಿಎಲ್‌ನಲ್ಲಿ, ಅಂದರೆ ಬೇರೆಯವರ ಜೊತೆ ಕಂಟೈನರ್ ಹಂಚಿಕೊಂಡಾಗ, ತೂಕ ಮತ್ತು ಅಳತೆ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಬಾಡಿಗೆ. ನಿಮಗೆ ಯಾವಾಗಲೂ ಸಿಬಿಎಂ (ಘನ ಮೀಟರ್) ಲೆಕ್ಕವೇ ಬೀಳುತ್ತದೆ. ಇಪ್ಪತ್ತಡಿ ಕಂಟೈನರಿನ ಒಳಗೆ 33 ಸಿಬಿಎಂ ಹತ್ತಿರ ಜಾಗ, ಪೆಟ್ಟಿಗೆ ಜೋಡಿಸಿದಾಗ 28ರಷ್ಟೇ ಸಿಗುತ್ತದೆ. ಹಾಗಾಗಿ ಪೆಟ್ಟಿಗೆಯ ಅಳತೆಯನ್ನು ಒಂದೊಂದು ಇಂಚು ಲೆಕ್ಕ ಹಾಕಿ ಮಾಡಿಸಿ. ತಟ್ಟೆ ಒಂದರೊಳಗೊಂದು ಎಷ್ಟು ಒತ್ತಿ ಕೂರುತ್ತದೆ ಅನ್ನುವುದರ ಮೇಲೆ ನಿಮ್ಮ ಲಾಭ ನಿಂತಿದೆ.

ಎರಡನೆಯದು ಬೂಸ್ಟು. ಜೂನ್–ಜುಲೈಯಲ್ಲಿ ಒತ್ತಿದ ತಟ್ಟೆಯನ್ನು ಸರಿಯಾಗಿ ಒಣಗಿಸದೆ ಹಡಗಿಗೆ ಹಾಕಬೇಡಿ. ನಾನು ಕಳಿಸಿದ ಒಂದು ಲಾಟ್ ಕೊಲಂಬೊದಲ್ಲಿ ಹಡಗು ಬದಲಿಸುವಾಗ ದಿನಗಟ್ಟಲೆ ಬಿಸಿಲಿನಲ್ಲಿ ಕೂತಿತು. ಬಾಗಿಲು ತೆಗೆದಾಗ ಮೇಲಿನ ಸಾಲು ಪೂರ್ತಿ ಹಸಿರು. ಪಾರ್ಟಿ ಒಂದು ಪೈಸೆ ಕೊಡಲಿಲ್ಲ. ಫೈಟೊ ಸರ್ಟಿಫಿಕೇಟ್ (ಮಾಲಿನಲ್ಲಿ ಸಸ್ಯದ ಕೀಟ, ರೋಗ ಇಲ್ಲ ಅನ್ನುವ ಕಾಗದ) ಕೇಳುತ್ತಾರಾ, ಫ್ಯೂಮಿಗೇಶನ್ (ಕೀಟ ಕೊಲ್ಲುವ ಹೊಗೆ) ಬೇಕಾ ಅಂತ ಕೊಳ್ಳುವವರ ಹತ್ತಿರ ಮೊದಲೇ ಬರೆಸಿಕೊಳ್ಳಿ.

ಕುಂಬಳೆ ಹುಡುಗ
ಸಿಂಗಾಪುರದಲ್ಲಿ ಕಂಪನಿ ಇದ್ದರೆ ಅಲ್ಲಿಂದ ಮಲೇಷ್ಯಾ, ಥಾಯ್ಲೆಂಡಿಗೆ ಸುಂಕ ಇಲ್ಲದೆ ಕಳಿಸಬಹುದು ಅಲ್ವಾ? ಆಗ್ನೇಯ ಏಷ್ಯಾ ದೇಶಗಳ ಕೂಟ ಆಸಿಯಾನ್ ಒಳಗೆ ಎಲ್ಲ ಫ್ರೀ.

ಪಣಂಬೂರು ಸಿಎಚ್‌ಎ
ಹಾಗಲ್ಲ. ತಟ್ಟೆ ಹುಟ್ಟಿದ್ದು ಪೆರ್ಲದಲ್ಲಿ. ಸಿಂಗಾಪುರದಲ್ಲಿ ಇಳಿಸಿ ಹತ್ತಿಸಿದ ಮಾತ್ರಕ್ಕೆ ಅದು ಸಿಂಗಾಪುರದ ಮಾಲು ಆಗುವುದಿಲ್ಲ. ಆಸಿಯಾನ್ ಒಳಗಿನ ರಿಯಾಯಿತಿ ಅವರ ದೇಶಗಳಲ್ಲಿ ತಯಾರಾದದ್ದಕ್ಕೆ. ಭಾರತ–ಆಸಿಯಾನ್ ಸರಕು ಒಪ್ಪಂದ 2010ರಿಂದ ಉಂಟು, ನಿಮಗೆ ಅದೇ ದಾರಿ. ಅದಕ್ಕೆ ಮೂಲ ದೃಢೀಕರಣ ಪತ್ರ ಭಾರತದಿಂದ ಆಗಬೇಕು.

ಮುಳ್ಳೇರಿಯ ತೋಟದವ
ನಾನು ತಟ್ಟೆ ಮಾಡುವವನಲ್ಲ, ಹಾಳೆ ಕೊಡುವವ. ಒಂದು ಮಾತು ಬೇಸರ ಇಲ್ಲದೆ ಕೇಳಿ. ಎಲ್ಲರೂ ಕಂಪನಿ, ತೆರಿಗೆ, ಹಡಗು ಅಂತ ಮಾತಾಡುತ್ತಿದ್ದೀರಿ. ಅಮೆರಿಕದವರು ನಿಲ್ಲಿಸಿದ್ದು ಯಾಕೆ? ಅಡಿಕೆ ಮರದ ಅರಿಕೊಲಿನ್‌ನಂಥ ಅಂಶ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂದು. ನಾಳೆ ಸಿಂಗಾಪುರದವರೂ ಅದೇ ಪ್ರಶ್ನೆ ಕೇಳಿದರೆ? ಕಂಪನಿ ಮಾಡಿ, ಗೋದಾಮು ತುಂಬಿಸಿ, ಆಮೇಲೆ ಬೇಡ ಅಂದರೆ ಆ ಮಾಲನ್ನು ಎಂತ ಮಾಡುವುದು? ನಮ್ಮ ಹಿರಿಯರು ಹಾಳೆಯಲ್ಲೇ ಉಂಡು ಬೆಳೆದರು, ನನಗೆ ಅದರಲ್ಲಿ ಸಂಶಯ ಇಲ್ಲ. ಆದರೆ ಪರದೇಶದವರಿಗೆ ಅಜ್ಜಿ ಮಾತು ಸಾಲದು, ಲ್ಯಾಬಿನ ಕಾಗದ ಬೇಕು.

ಸೆಂಗ್ಕಾಂಗ್ ಕನ್ನಡತಿ
ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಮಾತು. ಧನ್ಯವಾದ ಮಾವ. ಇಲ್ಲಿ ಆಹಾರ ಮತ್ತು ಆಹಾರಕ್ಕೆ ತಾಗುವ ವಸ್ತುಗಳನ್ನು ನೋಡಿಕೊಳ್ಳುವುದು ಎಸ್‌ಎಫ್‌ಎ, 2019ರಲ್ಲಿ ಶುರುವಾದ ಸಂಸ್ಥೆ. ಮೇಲ್ ಬರೆದರೆ ಉತ್ತರ ಕೊಡುತ್ತಾರೆ. ಪೆರ್ಲದ ಅಣ್ಣ, ಬೇರೆ ಎಲ್ಲದಕ್ಕಿಂತ ಮೊದಲು ಅವರಿಗೆ ಬರೆಯಿರಿ. ಅಮೆರಿಕದ ವಿಷಯ ಮುಚ್ಚಿಡದೆ ಬರೆಯಿರಿ.

ಲೆಕ್ಕದ ಪುಸ್ತಕ
ಪರೀಕ್ಷೆಗೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯನ್ನು ಕೇಳಿ. ಆಹಾರಕ್ಕೆ ತಾಗುವ ಪ್ಯಾಕಿಂಗ್ ವಸ್ತುಗಳ ಪರೀಕ್ಷೆ ಅವರಿಗೆ ಹೊಸದಲ್ಲ. ನಮ್ಮ ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯವರನ್ನೂ ಮಾತಾಡಿಸಿ, ಅಡಿಕೆ ಅವರ ಮನೆಯ ವಿಷಯ.

ಹೊಸಂಗಡಿ ಅಕ್ಕ
ಸಿಪಿಸಿಆರ್‌ಐ ಅಂದಾಗ ನೆನಪಾಯಿತು. ಅಲ್ಲಿ ತೆಂಗಿನ ಚಿಪ್ಸ್, ಕಲ್ಪರಸ ಎಲ್ಲ ಮಾಡಲು ಕಲಿಸುತ್ತಾರೆ. ತಟ್ಟೆ ಒಂದನ್ನೇ ನಂಬಬೇಡಿ. ಅದೇ ಪಾರ್ಟಿಗೆ ತೆಂಗಿನ ಚಿಪ್ಸ್ ಕೂಡ ತೋರಿಸಬಹುದಲ್ಲ? ಆ ದೇಶ ತಿನ್ನುವುದರಲ್ಲಿ 90 ಶೇಕಡಾಕ್ಕಿಂತ ಜಾಸ್ತಿ ಹೊರಗಿನಿಂದಲೇ ಬರುವುದು ಅಂತ ಓದಿದ್ದೇನೆ.

ಸೆಂಗ್ಕಾಂಗ್ ಕನ್ನಡತಿ
ನಿಜ ಅಕ್ಕಾ. ಆದರೆ ತಿನ್ನುವ ವಸ್ತು ತರಿಸುವವರು ಎಸ್‌ಎಫ್‌ಎಯಲ್ಲಿ ಹೆಸರು ನೋಂದಾಯಿಸಿರಬೇಕು. ಇನ್ನೊಂದು, ಏನೇ ತರಿಸಿದರೂ ಇಲ್ಲಿನ ಯುಇಎನ್ ನಂಬರ್ (ಸಂಸ್ಥೆಯ ನೋಂದಣಿ ಸಂಖ್ಯೆ) ಇರುವವರ ಹೆಸರಿನಲ್ಲೇ ಆಮದು ಪರವಾನಗಿ ಆಗುತ್ತದೆ. ಪೆರ್ಲದ ಅಣ್ಣನಿಗೆ ಕಂಪನಿ ಇಲ್ಲದಿದ್ದರೆ ಇಲ್ಲಿನ ಒಬ್ಬ ಆಮದುದಾರ ಬೇಕೇ ಬೇಕು. ಆ ಊಟದ ಕಾಂಟ್ರಾಕ್ಟರೇ ಆಗುತ್ತಾರಾ ಕೇಳಿ. ಇಲ್ಲದಿದ್ದರೆ ಪ್ಯಾಕಿಂಗ್ ಸಾಮಾನು ಮಾರುವ ಹೋಲ್‌ಸೇಲ್‌ನವರು ಇದ್ದಾರೆ. ಲಾಭದಲ್ಲಿ ಪಾಲು ಹೋಗುತ್ತದೆ. ಆದರೆ ಒಂದು ವರ್ಷದಲ್ಲಿ ಯಾವ ಸೈಜ್ ಓಡುತ್ತದೆ, ಯಾರು ಸರಿಯಾಗಿ ದುಡ್ಡು ಕೊಡುತ್ತಾರೆ ಅಂತ ಗೊತ್ತಾಗುತ್ತದೆ. ಆಮೇಲೆ ಕಂಪನಿ ಮಾಡಿದರೆ ಬ್ಯಾಂಕಿನವರಿಗೆ ತೋರಿಸಲು ಇನ್‌ವಾಯ್ಸ್‌ಗಳೂ ಇರುತ್ತವೆ.

ಕುಂಬಳೆ ಹುಡುಗ
ಆಗ ಇನ್ನೊಬ್ಬರು ನಮ್ಮ ಗಿರಾಕಿಯನ್ನು ಹಿಡಿದುಕೊಂಡರೆ? ಅಮೆರಿಕದಲ್ಲಿ ಆದದ್ದೂ ಅದೇ ಅಲ್ವಾ, ರಫ್ತುದಾರರ ಹೆಸರು ಮಾತ್ರ, ಪೆರ್ಲದ ಹೆಸರು ಯಾರಿಗೂ ಗೊತ್ತಿಲ್ಲ. ಸ್ವಂತ ಹೆಸರಿನಲ್ಲಿ ಹೋಗಲೇಬೇಕು ಅಂತ ನನ್ನ ವಾದ. ತಡ ಮಾಡಿದಷ್ಟು ಬೇರೆಯವರು ಮುಂದೆ ಹೋಗುತ್ತಾರೆ.

ಉಪ್ಪಳದಿಂದ ದೇರಾ
ಈ ಮಾತಿಗೆ ಹುಡುಗನ ಜೊತೆ ನಾನು. ಪೆಟ್ಟಿಗೆಯ ಮೇಲೆ ನಿಮ್ಮ ಹೆಸರು, ನಿಮ್ಮ ಊರು ಮೊದಲ ದಿನದಿಂದಲೇ ಇರಲಿ. ಆಮದುದಾರ ಯಾರೇ ಆಗಲಿ, ಆ ಹೆಸರನ್ನು ಸಿಂಗಾಪುರದಲ್ಲಿ ಟ್ರೇಡ್‌ಮಾರ್ಕ್ ಮಾಡಿಸಿ ಇಡಿ. ಅದಕ್ಕೆ ಅಲ್ಲಿ ಕಂಪನಿ ಬೇಕಿಲ್ಲ.

ಪೆರ್ಲದ ಹಾಳೆಮನೆ
ಮೂರು ವಾರದ ನಂತರ ಬರೆಯುತ್ತಿದ್ದೇನೆ. ಏಜೆಂಟನನ್ನು ಬಿಟ್ಟೆ. ಎಸ್‌ಎಫ್‌ಎಗೆ ಮೇಲ್ ಕಳಿಸಿದ್ದೇನೆ, ಅಮೆರಿಕದ ವಿಷಯವನ್ನೂ ಸೇರಿಸಿ. ತಂಗಿ ಇಂಗ್ಲಿಷ್ ತಿದ್ದಿ ಕೊಟ್ಟಳು. ತಟ್ಟೆ ಪರೀಕ್ಷೆಗೆ ಹೋಗಿದೆ. ಊಟದ ಕಾಂಟ್ರಾಕ್ಟರ್ ತಮ್ಮ ಹೆಸರಿನಲ್ಲಿ ತರಿಸಲು ಒಪ್ಪಿದ್ದಾರೆ, ಪರೀಕ್ಷೆಯ ಕಾಗದ ಬಂದ ಮೇಲೆ ಮಾತ್ರ. ಮೊದಲು ಎರಡೇ ಸಿಬಿಎಂ. ಪೆಟ್ಟಿಗೆಯ ಅಳತೆ ಬದಲಿಸಿದಾಗ ಒಂದು ಪೆಟ್ಟಿಗೆಯಲ್ಲಿ ನಲವತ್ತು ತಟ್ಟೆ ಜಾಸ್ತಿ ಹಿಡಿಯಿತು, ಸಿಎಚ್‌ಎಯವರಿಗೆ ದೊಡ್ಡ ಧನ್ಯವಾದ. ಪೆಟ್ಟಿಗೆಯ ಮೇಲೆ "ಪೆರ್ಲ, ಕಾಸರಗೋಡು" ಅಂತ ಕನ್ನಡದಲ್ಲೂ ಅಚ್ಚು ಹಾಕಿಸಿದ್ದೇನೆ ಮೇಷ್ಟ್ರೇ.

ತಾಳಿಪಡ್ಪು ಮೇಷ್ಟ್ರು
ಒಂದು ಫೋಟೊ ಹಾಕಿ.

ಹೊಸಂಗಡಿ ಅಕ್ಕ
ಪಣಂಬೂರಿಗೆ ಯಾವಾಗ ಹೋಗುತ್ತೀರಿ ತಮ್ಮಾ? ನನ್ನದೂ ಹಪ್ಪಳದ ಸ್ಯಾಂಪಲ್ ಎರಡು ಪೆಟ್ಟಿಗೆ ಉಂಟು. ಒಟ್ಟಿಗೆ ಹೋಗುವ.